ಭರತನನ್ನು ನೋಡಿಕೊಂಡು ದ್ವೀಪಕ್ಕೆ

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಪ್ರವಾಸಕ್ಕೆ ಯೋಜನೆ ಹಾಕುವ ಚಟ. ಪ್ರವಾಸ ಹೋಗುವ ಚಟ ಎಂದು ತಪ್ಪು ತಿಳಿಯಬೇಡಿ. ಹೋಗುವುದು ಬೇರೆ, ಯೋಜನೆ ಹಾಕುವುದು ಬೇರೆ. ಪಂಚಾಂಗ ನೋಡುವವರೆಲ್ಲ ಮದುವೆಯಾಗುತ್ತಾರೆಯೇ?

ಕಳೆದ ಭಾನುವಾರ ಗ್ಯಾಸಿನ ಪುಸ್ತಕ ಹುಡುಕುತ್ತ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಗ್ಯಾಸಿನ ಪುಸ್ತಕ ಸಿಗಲಿಲ್ಲ. ಉದ್ದನೆಯ ಹಳೇ ನೋಟ್‌ಬುಕ್ಕೊಂದು ಸಿಕ್ಕಿತು. ಮೇಲೆ ನನ್ನದೇ ದುಂಡಕ್ಷರದಲ್ಲಿ ‘ಪ್ರವಾಸ’ ಎಂದಿದೆ. ಒಳಗೆ ಹಂಪಿ ಇದೆ, ಜೋಗ ಇದೆ, ರಾಮೇಶ್ವರ ಇದೆ. ರೈಲು ಎಷ್ಟೊತ್ತಿಗೆ, ಎಲ್ಲಿ ಉಳಿಯುವುದು, ತಿಂಡಿಗೆ ಎಲ್ಲಿ ಇಳಿಯುವುದು, ಯಾವ ಚೀಲ ಯಾರು ಹಿಡಿಯುವುದು ಎಲ್ಲ ಇದೆ. ಇಲ್ಲದ್ದು ಒಂದೇ, ನಾವು ಹೋದದ್ದು. ಹಂಪಿಗೆ ಹೊರಡುವ ಹಿಂದಿನ ದಿನ ಎಮ್ಮೆ ಈಯಿತು. ಜೋಗಕ್ಕೆ ಹೊರಡಬೇಕು ಎನ್ನುವಾಗ ಕಬ್ಬು ಕಡಿಯುವ ಆಳುಗಳು ಸಿಕ್ಕಿಬಿಟ್ಟರು. ಆಳು ಸಿಕ್ಕ ದಿನ ಜೋಗವೇನು, ಕೈಲಾಸದಿಂದ ಕರೆ ಬಂದರೂ ಹೋಗಲಾಗದು ಎನ್ನುವುದು ನಮ್ಮ ಕಡೆಯ ಕಬ್ಬಿನವರಿಗೆಲ್ಲ ಗೊತ್ತು. ರಾಮೇಶ್ವರದ ಹೊತ್ತಿಗೆ ಕಾಲೇಜಿಗೆ ತಪಾಸಣೆಯವರು ಬಂದರು. ನಾನು ಭಾರತೀನಗರದ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ನನ್ನ ಹೆಂಡತಿ ಗೌರಿ ಮದ್ದೂರಿನವಳು, ಮಾತಿಗೆ ವಡೆಯ ಖಾರ. ನೆಂಟರ ಮನೆಯಲ್ಲೆಲ್ಲ ಅವಳು ಹೇಳುವುದುಂಟು: “ನಮ್ಮೆಜಮಾನ್ರು ಇಂಡಿಯಾ ಪೂರ್ತಿ ನೋಡವ್ರೆ, ಕುಂತ ಜಾಗದಿಂದ್ಲೇ.”

ಆದರೆ ಆ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಾಗ ನನ್ನ ಎದೆ ಉಬ್ಬಿತು. ಅಲ್ಲಿ ಕೆಂಪು ಶಾಯಿಯಲ್ಲಿ ‘ಹೋಗಿ ಬಂದೆವು’ ಎಂದು ಬರೆದಿದೆ, ಕೆಳಗೆ ಎರಡು ಗೆರೆ ಎಳೆದಿದೆ. ಆದ್ದರಿಂದ ಸ್ವಾಮಿ, ಇದನ್ನು ನಿಮಗೆ ಹೇಳುತ್ತಿರುವವನು ಗೆದ್ದವನು. ದೋಣಿ ಹತ್ತಿ ದ್ವೀಪಕ್ಕೆ ಹೋಗಿ, ಎರಡು ದಿನ ಉಳಿದು ಬಂದವನು. ಸ್ವಲ್ಪ ಜಂಭ ಇದ್ದರೆ ಸಹಿಸಿಕೊಳ್ಳಿ.

ದ್ವೀಪದ ಹುಚ್ಚು ನನಗೆ ಹಿಡಿದದ್ದು ಹತ್ತನೆಯ ವಯಸ್ಸಿಗೆ. ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಡದ್ದು. ಶಿವನಸಮುದ್ರ ಅಲ್ಲಿಂದ ದೂರವಿಲ್ಲ. ಹಾಗೆ ನೋಡಿದರೆ ಶಿವನಸಮುದ್ರವೇ ಒಂದು ದ್ವೀಪ. ಹೊಳೆ ಎರಡು ಸೀಳಾಗಿ ಅದನ್ನು ಬಳಸಿಕೊಂಡು ಹೋಗಿ ಎರಡು ಕಡೆ ಧುಮುಕುತ್ತದೆ. ಆದರೆ ನಮ್ಮ ಕಡೆಯವರ ಬಾಯಲ್ಲಿ ಆ ಸುತ್ತಮುತ್ತಲೆಲ್ಲ ‘ಬ್ಲಫ್ಫು’. ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ಜಾಗವನ್ನು ಯಾರು ದ್ವೀಪ ಅಂದಾರು? ದ್ವೀಪವೆಂದರೆ ದೋಣಿ ಬೇಕು ಎಂದು ನನಗೆ ಆಗಲೇ ಖಚಿತವಾಗಿತ್ತು.

ದೋಣಿಯೂ ಸಿಕ್ಕಿತು. ನಮ್ಮ ಆಲೆಮನೆಯ ಹಿಂದೆ ತೂತು ಬಿದ್ದ ಹಳೇ ಕೊಪ್ಪರಿಗೆಯೊಂದು ಬೋರಲು ಬಿದ್ದಿತ್ತು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಎಂದರೆ ಸಣ್ಣದಲ್ಲ, ನಾಲ್ಕು ಮಕ್ಕಳು ಕಾಲು ಚಾಚಿ ಕೂರಬಹುದು. ಊರ ಕಟ್ಟೆ ಎನ್ನುವ ಸಣ್ಣ ಕೆರೆಯ ನಡುವೆ ಒಂದು ಮಣ್ಣು ದಿಬ್ಬ, ಅದರ ಮೇಲೊಂದು ಹೊಂಗೆ ಮರ. ನಾನೂ ನನ್ನ ಸೋದರತ್ತೆಯ ಮಗ ಕೆಂಪನೂ ಕೂಡಿ ಯೋಜನೆ ಹಾಕಿದೆವು. ದಿಬ್ಬದ ಮೇಲೆ ಎರಡು ದಿನ ಇರುವುದು. ಉಳಿಯಲು ಗೋಣಿಚೀಲದ ಗುಡಾರ, ಊಟಕ್ಕೆ ಪುರಿ ಮತ್ತು ಬೆಲ್ಲ. ಕೊಪ್ಪರಿಗೆಯ ತೂತಿಗೆ ಏನು ಮೆತ್ತುವುದು ಎಂಬ ಪ್ರಶ್ನೆ ಬಂದಾಗ, ಕೈಗೆ ಸಿಕ್ಕಿದ ಅಂಟಿನ ಪದಾರ್ಥವನ್ನೇ ಮೆತ್ತಿದೆವು. ಬಿಸಿ ಬೆಲ್ಲ! ಆರಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಬೆಲ್ಲ ನೀರಿನಲ್ಲಿ ಕರಗುತ್ತದೆ ಎಂಬುದು ಬೆಲ್ಲ ಮಾಡುವ ಮನೆಯ ಮಕ್ಕಳಿಬ್ಬರಿಗೆ ಹೊಳೆಯಲಿಲ್ಲ.

ಅರ್ಧ ದಾರಿಯಲ್ಲಿ ತಳದಿಂದ ಸಿಹಿನೀರು ಚಿಮ್ಮಿತು. ಕೊಪ್ಪರಿಗೆ ಗಂಭೀರವಾಗಿ ಮುಳುಗಿತು. ನೀರು ನಮ್ಮ ಎದೆಮಟ್ಟ, ಅಷ್ಟೆ. ಆದರೆ ಅಂದಿನದರಲ್ಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಮುಳುಗಿದ್ದಲ್ಲ, ದಡದಲ್ಲಿ ನಿಂತಿದ್ದ ನನ್ನ ಅಕ್ಕ. ತಾಯಮ್ಮ ಅವಳ ಹೆಸರು, ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು. ಹಾವು ಹೊಡೆಯುತ್ತಿದ್ದಳು, ಹಾಯುವ ಹಸು ಹಿಡಿಯುತ್ತಿದ್ದಳು. ಅಂಥವಳು ಅಂದು ಮೊಣಕಾಲುದ್ದ ನೀರಿಗೂ ಇಳಿಯದೆ, ಕಟ್ಟೆಯ ಏರಿಯ ಮೇಲೆ ಅತ್ತಿತ್ತ ಓಡುತ್ತ, ಗಂಟಲು ಹರಿಯುವ ಹಾಗೆ ಊರವರನ್ನೆಲ್ಲ ಕೂಗುತ್ತಿದ್ದಳು. ನಾವೇ ನಡೆದುಕೊಂಡು ದಡಕ್ಕೆ ಬಂದೆವು. ಬಂದ ಮೇಲೆ ಬಿದ್ದ ಏಟು ಹೊಂಗೆ ಬರಲಿನದು. ಪುರಿಯೂ ನೆನೆದು ಹೋಗಿತ್ತು.

ಆಮೇಲೆ ಎಷ್ಟೋ ವರ್ಷ ನೋಡಿದ್ದೇನೆ, ಹಬ್ಬ ಹುಣ್ಣಿಮೆಗೆ ಮನೆ ಮಂದಿಯೆಲ್ಲ ಹೊಳೆಯಲ್ಲಿ ಮುಳುಗು ಹಾಕಿದರೆ ಅಕ್ಕ ಮಾತ್ರ ಮೇಲಿನ ಮೆಟ್ಟಿಲ ಮೇಲೆ ಕೂತು, ಯಾರಾದರೂ ಚೊಂಬಿನಲ್ಲಿ ತಂದು ತಲೆಗೆ ಹುಯ್ದರೆ ಹುಯ್ಯಿಸಿಕೊಳ್ಳುತ್ತಿದ್ದಳು. ಅದನ್ನು ನಾವು ಅವಳ ಗತ್ತು ಎಂದುಕೊಂಡಿದ್ದೆವು. ನೆರೆಯೂರಿಗೇ ಮದುವೆಯಾದಳು, ಕಬ್ಬು ಬೆಳೆದಳು, ರೇಷ್ಮೆ ಹುಳು ಸಾಕಿದಳು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಟೀಚರು ಮಾಡಿದಳು. ಗತ್ತು ಇರಬೇಕಾದವಳೇ.

ಈಗ ಈ ವರ್ಷದ ಮಾತಿಗೆ ಬರುತ್ತೇನೆ. ಕರಾವಳಿಯ ಕಡೆ, ನದಿ ಇನ್ನೇನು ಕಡಲು ಸೇರಬೇಕು ಎನ್ನುವ ಕಡೆ, ನೀರಿನ ನಡುವೆ ತುಂಡು ತುಂಡು ನೆಲ ಇರುತ್ತದೆ. ಅದಕ್ಕೆ ಅಲ್ಲಿಯವರು ಕುದ್ರು ಎನ್ನುತ್ತಾರೆ. ಫೋನಿನ ಮ್ಯಾಪಿನಲ್ಲಿ ಇದನ್ನು ಕಂಡುಹಿಡಿದ ದಿನ ನನಗೆ ಆಫೀಸಿನ ಫೈಲುಗಳ ಮೇಲೆ ಮನಸ್ಸು ನಿಲ್ಲಲಿಲ್ಲ. ಸೇತುವೆಯಿಲ್ಲದ ಒಂದು ಕುದ್ರು ಆರಿಸಿದೆ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಅಲ್ಲಿಯ ತೆಂಗಿನ ಮರಗಳನ್ನು ಎಣಿಸಿದೆ.

ಅವರೆಕಾಯಿ ಕಾಲ. ಅಕ್ಕ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದಳು. ಅವಳೂ ಗೌರಿಯೂ ಜಗಲಿಯಲ್ಲಿ ಕೂತು ಕಾಳು ಹಿಸುಕುತ್ತಿದ್ದರೆ, ನಾನು ಕುರ್ಚಿಯಲ್ಲಿ ಕೂತು ಎಲ್ಲಿ ಉಳಿಯಬೇಕು ಎನ್ನುವುದನ್ನು ಘನವಾಗಿ ಮಂಡಿಸಿದೆ. ಮೊದಲನೆಯದು ಒಂದು ರೆಸಾರ್ಟು. ಫೋಟೋ ತೋರಿಸಿದೆ. ಅಕ್ಕ ಫೋನನ್ನು ಕೈ ಅಳತೆಯ ದೂರದಲ್ಲಿ ಹಿಡಿದು ನೋಡಿದಳು.

“ಇದೇನ್ಲಾ ನೀಲಿ ಗುಂಡಿ?”

“ಸ್ವಿಮ್ಮಿಂಗ್ ಪೂಲು ಕಣಕ್ಕ.”

“ಸುತ್ತ ನೀರು ಮಡಿಕಂಡು ನಡುವೆ ಇನ್ನೊಂದು ಗುಂಡಿ ತೋಡವ್ರಾ? ಇವ್ರಿಗೇನು ಕೆಲ್ಸ ಇಲ್ವಾ?”

ರೆಸಾರ್ಟು ಅಲ್ಲಿಗೇ ಮುಗಿಯಿತು. ಎರಡನೆಯದು, ಈಚೆ ದಡದಲ್ಲೇ ಒಂದು ಲಾಡ್ಜು. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಂಜೆಗೆ ಬರುವುದು. ಇದಕ್ಕೆ ಗೌರಿ ಕಾಳಿನಿಂದ ತಲೆ ಎತ್ತದೆ ತೀರ್ಪು ಕೊಟ್ಟಳು. “ಈಚೆ ಮಲಗಿ ಆಚೆ ನೋಡೋದು ಅಂದ್ರೆ, ಛತ್ರದ ಹೊರಗೆ ನಿಂತು ಮದುವೆ ಊಟದ ವಾಸನೆ ಕುಡಿದಂಗೆ. ಅದಕ್ಕೆ ಅಲ್ಲಿಗಂಟ ಹೋಗ್ಬೇಕಾ?”

ಮೂರನೆಯದು ಕುದ್ರುವಿನ ಮೇಲೆಯೇ ಲೀಲಕ್ಕ ಎಂಬುವರ ಮನೆ. ಹಂಚಿನ ಮನೆ, ಬಂದವರಿಗೆ ಎರಡು ಕೋಣೆ, ಅವರೇ ಅಡುಗೆ ಮಾಡಿ ಹಾಕುತ್ತಾರೆ. ಗೌರಿ ಒಪ್ಪಿದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಗ ಅಕ್ಕ ಹೇಳಿದಳು: “ನಾನೂ ಬತ್ತೀನಿ.”

ನನ್ನ ಪೆನ್ನು ನಿಂತಿತು. ಬ್ಲಫ್ಫಿನ ಜಲಪಾತ ನೋಡಲು ಬಸ್ಸಿಳಿದು ನಾಲ್ಕು ಹೆಜ್ಜೆ ಬಾರದಿದ್ದವಳು ಇವಳು.

“ಅಕ್ಕ, ದೋಣೀಲಿ ಹೋಗ್ಬೇಕು ಕಣಕ್ಕ. ಸುತ್ತ ನೀರು.”

“ಕಿವಿ ಕೇಳ್ತದೆ ಕಣ್ಲಾ ನಂಗೆ. ದೋಣಿ ಅಂದೆ, ಕೇಳುಸ್ತು. ಅರವತ್ತೈದಾಯ್ತು ನಂಗೆ. ಬತ್ತೀನಿ ಅಂದ್ಮೇಲೆ ಬತ್ತೀನಿ. ಬರ್ಕ.”

ಬರೆದುಕೊಂಡೆ. ಆದರೆ ಆಮೇಲೆ ಅವಳು ಕಾಳು ಹಿಸುಕಿದ ರೀತಿಯನ್ನು ನೀವು ನೋಡಬೇಕಿತ್ತು. ಒಂದೊಂದು ಕಾಳೂ ಜಗಲಿ ದಾಟಿ ಅಂಗಳಕ್ಕೆ ಹಾರುತ್ತಿತ್ತು.

ಲೀಲಕ್ಕನಿಗೆ ಫೋನು ಮಾಡಿದೆ. ನನ್ನ ಪ್ರಶ್ನೆಗಳ ಪಟ್ಟಿ ಉದ್ದವಿತ್ತು. ಬಿಸಿನೀರು ಬರುತ್ತದೆಯೇ, ಸೊಳ್ಳೆ ಇದೆಯೇ, ಮುದ್ದೆ ಸಿಗುತ್ತದೆಯೇ.

“ಬಿಸಿನೀರು ಹಂಡೆಯಲ್ಲಿ ಉಂಟು. ಸೊಳ್ಳೆಯೂ ಉಂಟು. ಮುದ್ದೆ ಅಂದ್ರೆ ನಂಗೆ ಗೊತ್ತಿಲ್ಲ ಮಾರಾಯ್ರೆ, ಗಂಜಿ ಉಂಟು, ಮೀನು ಉಂಟು. ನೀವು ಭರತ ನೋಡಿಕೊಂಡು ಬನ್ನಿ, ಆಯ್ತಾ? ಭರತ ಇಲ್ಲದಿದ್ರೆ ದೋಣಿ ಬರುವುದಿಲ್ಲ.”

ಇಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ನಾನು ಬಿಟ್ಟೇನೆಯೇ? ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ: ‘ದೋಣಿ ಹತ್ತುವ ಕಡೆ ಭರತ ಎಂಬುವರನ್ನು ಕಾಣುವುದು.’

ಮಂಡ್ಯದಲ್ಲಿ ರೈಲು ಹತ್ತಿ, ಮಲಗೆದ್ದು, ಬೆಳಿಗ್ಗೆ ಕರಾವಳಿಯಲ್ಲಿ ಇಳಿದೆವು. ಒಂದು ಬಸ್ಸು, ಒಂದು ಆಟೋ ಹಿಡಿದು ಹತ್ತು ಗಂಟೆಗೆ ಕಡವು ತಲುಪಿದೆವು. ದೋಣಿ ಹತ್ತಿ ಇಳಿಯುವ ಜಾಗಕ್ಕೆ ಅಲ್ಲಿ ಕಡವು ಎನ್ನುತ್ತಾರೆ. ನನ್ನ ಯೋಜನೆ ನಿಮಿಷವೂ ತಪ್ಪಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಬರೆದದ್ದೂ ಆದದ್ದೂ ಒಂದೇ ಆಗಿತ್ತು. ಆಟೋ ಇಳಿದು ಹೆಮ್ಮೆಯಿಂದ ತಲೆ ಎತ್ತಿ ನೋಡಿದೆ.

ನೀರಿರಲಿಲ್ಲ.

ಕಣ್ಣು ಹಾಯುವವರೆಗೆ ಕಪ್ಪು ಕೆಸರು. ಅದರ ಮೇಲೆ ಎರಡು ದೋಣಿಗಳು ಪಕ್ಕಕ್ಕೆ ವಾಲಿ, ಮೇಯ್ದು ಮಲಗಿದ ಎಮ್ಮೆಗಳ ಹಾಗೆ ಬಿದ್ದಿದ್ದವು. ಬೆಳ್ಳಕ್ಕಿಗಳು ಕೆಸರಿನಲ್ಲಿ ಏನೋ ಹೆಕ್ಕುತ್ತಿದ್ದವು. ಆಚೆ, ದೂರದಲ್ಲಿ, ನಾನು ಎಣಿಸಿದ್ದ ತೆಂಗಿನ ಮರಗಳೆಲ್ಲ ಸರಿಯಾಗಿ ನಿಂತಿದ್ದವು. ನಡುವಿನ ನೀರನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

ಒಂದು ಸೋಗೆ ಮಾಡಿನ ಕೆಳಗೆ ಲುಂಗಿ ಉಟ್ಟ ಗಂಡಸೊಬ್ಬರು ಕೂತು ಬಲೆಗೆ ಗಂಟು ಹಾಕುತ್ತಿದ್ದರು. ಸುಂದರ ಎಂದು ಅವರ ಹೆಸರು, ಕುದ್ರುವಿನ ದೋಣಿ ನಡೆಸುವವರು ಅವರೇ ಎಂದು ಆಮೇಲೆ ತಿಳಿಯಿತು. ನಾನು ಸೂಪರಿಂಟೆಂಡೆಂಟಿನ ದನಿಯಲ್ಲಿ ಕೇಳಿದೆ: “ಇಲ್ಲಿ ಭರತ ಎಲ್ಲಿ?”

“ಭರತ ಬರ್ಲಿಕ್ಕೆ ಮೂರೂವರೆ ಆಗ್ತದೆ.”

“ಅಷ್ಟು ತಡವಾ? ನಾವು ಬರೋದು ಅವರಿಗೆ ಗೊತ್ತಿಲ್ವಾ?”

ಸುಂದರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾರಿಗೆ?”

“ಭರತ ಅವರಿಗೆ. ಅವರ ಫೋನ್ ನಂಬರ್ ಇದ್ರೆ ಕೊಡಿ, ನಾನೇ ಮಾತಾಡ್ತೀನಿ.”

ಅವರ ಕೈಯ ಬಲೆ ಜಾರಿತು. ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡು ಭುಜ ಕುಣಿಸಿದರು, ಆಮೇಲೆ ಮರ್ಯಾದೆಯಿಂದಲೇ ಹೇಳಿದರು: “ಅದು ಜನ ಅಲ್ಲ ಮಾರಾಯ್ರೆ. ಕಡಲ ನೀರು ಹೊಳೆಗೆ ಏರಿ ಬರುವುದಕ್ಕೆ ಭರತ ಅನ್ನುವುದು. ಇಳಿದು ಹೋದ್ರೆ ಇಳಿತ. ಈಗ ಇಳಿತ. ಭರತ ಬಂದ್ರೆ ದೋಣಿ ತೇಲ್ತದೆ, ಇಲ್ಲಾಂದ್ರೆ ಇಲ್ಲ.”

ಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಟ್ಟೆಯ ಚೀಲದ ಮೇಲೆಯೇ ಕುಸಿದು ನಗತೊಡಗಿದಳು. ನಾನೇನು ಮಾಡಲಿ? ನಮ್ಮ ಕಡೆ ನೀರು ಏರಿದರೆ ಮೇಲಿನ ಅಣೆಕಟ್ಟೆಯಲ್ಲಿ ಗೇಟು ಎತ್ತಿದ್ದಾರೆ ಎಂದು ಅರ್ಥ, ಇಳಿದರೆ ಗೇಟು ಹಾಕಿದ್ದಾರೆ ಎಂದು ಅರ್ಥ. ದಿನಕ್ಕೆರಡು ಸಲ ತಾನಾಗಿಯೇ ಎದ್ದು ಹೋಗಿ ತಾನಾಗಿಯೇ ಬರುವ ನೀರನ್ನು ಮಂಡ್ಯ ಜಿಲ್ಲೆಯವನು ಎಲ್ಲಿ ಕಂಡಾನು? ಮುಖ ಸಣ್ಣದಾಯಿತು. ಹಂಪಿ, ಜೋಗ, ರಾಮೇಶ್ವರಗಳ ಸಾಲಿಗೆ ಕುದ್ರುವೂ ಸೇರಿತು ಎಂದುಕೊಂಡೆ. ಈಚೆ ದಡದ ಲಾಡ್ಜಿನ ನಂಬರು ಹುಡುಕಲು ಫೋನು ತೆಗೆದೆ.

“ಏನ್ಲಾ ಮಾಡೀಯೆ?” ಎಂದಳು ಅಕ್ಕ.

“ಲಾಡ್ಜಿಗೆ ಫೋನ್ ಮಾಡ್ತೀನಿ ಕಣಕ್ಕ. ಮೂರೂವರೆಗಂಟ ಯಾರು ಕೂತಿರ್ತಾರೆ? ನಿಂಗೂ ನೀರಂದ್ರೆ...”

“ಮಡಗ್ಲಾ ಫೋನ. ನಾಲೆ ನೀರ್ಗೆ ಮೂರ್ ಮೂರ್ ದಿನ ಬದಿನ ಮ್ಯಾಲೆ ಕಾಯ್ದೋಳು ನಾನು. ಐದ್ ಗಂಟೆ ಕಾಯಕಾಗಕಿಲ್ವಾ? ಬಾ, ಕುಂತ್ಕ.”

ಕೂತೆವು. ಮಾಡಿನ ಕೆಳಗೆ ಚಾಪೆ ಹಾಸಿ, ಗೌರಿ ತಂದಿದ್ದ ಚಪಾತಿಯನ್ನೂ ಹಿತಕಿದ ಅವರೆಯ ಗೊಜ್ಜನ್ನೂ ತಿಂದೆವು. ಸುಂದರ ಅವರಿಗೂ ಒಂದು ಎಲೆ ಹಾಕಿದೆವು. ಊಟವಾದ ಮೇಲೆ ಗೌರಿ ಚೀಲಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಅಕ್ಕ ಮಾತ್ರ ಕೆಸರಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ, ನನ್ನ ಕಡೆ ನೋಡದೆಯೇ ಕೇಳಿದಳು.

“ಲೇ ಸಿದ್ದ, ನಾನು ಯಾಕೆ ಸ್ಕೂಲು ಬುಟ್ಟೆ ಗೊತ್ತೇನ್ಲಾ ನಿಂಗೆ?”

ಇದೊಂದು ಗಾಯವನ್ನು ನಾನು ಮುಟ್ಟುತ್ತಿರಲಿಲ್ಲ. ಗೊತ್ತಿಲ್ಲದೆ ಏನು? ಅಪ್ಪ ಬಿಡಿಸಿದ್ದ. ಮಿಡ್ಲ್ ಸ್ಕೂಲು ಹೊಳೆಯ ಆಚೆ ದಡದ ಊರಲ್ಲಿತ್ತು. ಊರಿಗೇ ಜಾಣೆಯಾದ ಹುಡುಗಿಯನ್ನು ಅಪ್ಪ ಹನ್ನೆರಡನೆಯ ವಯಸ್ಸಿಗೆ ಮನೆಯಲ್ಲಿ ಕೂರಿಸಿದ. ಯಾರು ಕೇಳಿದರೂ “ಎಣ್ ಐಕಳ್ಗೆ ಓದು ಯಾಕೆ, ನಾನೇ ಬುಡುಸ್ದೆ” ಎನ್ನುತ್ತಿದ್ದ. ನಾನು ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದಾಗ, ನಾಲ್ಕಕ್ಷರ ತಲೆಗೇರಿದ ಬಿಸಿಯಲ್ಲಿ, ಒಂದು ದಿನ ಊಟದ ಮುಂದೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡುಬಿಟ್ಟಿದ್ದೆ. ಅಕ್ಕನ ಬಾಳು ಹಾಳು ಮಾಡಿದವನು ನೀನು ಎಂದಿದ್ದೆ. ಅಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತ, “ಊಂ ಕಣಪ್ಪ, ನಂದೇ ತಪ್ಪು” ಅಂದಿದ್ದ. ಆಮೇಲೆ ಅವನು ಸಾಯುವವರೆಗೂ ನಾನು ಆ ವಿಷಯದಲ್ಲಿ ಅವನನ್ನು ಕ್ಷಮಿಸಿರಲಿಲ್ಲ.

“ಅಪ್ಪ ಬಿಡಿಸ್ದ,” ಎಂದೆ.

“ಇಲ್ಲ ಕಣ್ಲಾ. ನಾನೇ ಓಗ್ನಿಲ್ಲ.”

ಹೇಳಿದಳು. ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಬೇಕಿತ್ತು. ಒಂದು ಬೆಳಿಗ್ಗೆ ಹೊಳೆ ಕೆಂಪಗೆ ತುಂಬಿತ್ತು. ನಡುನೀರಿನಲ್ಲಿ ಹರಿಗೋಲು ಬುಗುರಿಯ ಹಾಗೆ ಸುತ್ತಿ ವಾಲಿತು. ಅಕ್ಕ ಹೊರಗೆ ಬಿದ್ದಳು. ಅಂಬಿಗ ಜಡೆ ಹಿಡಿದು ಎಳೆದುಕೊಂಡ. ಯಾರಿಗೂ ಏನೂ ಆಗಲಿಲ್ಲ, ಪುಸ್ತಕದ ಚೀಲವೊಂದು ಹೋಯಿತು. ನಾನಾಗ ಐದು ವರ್ಷದವನು, ನೆನಪಿಲ್ಲ. ಮಾರನೆಯ ದಿನ ಅಪ್ಪ ಹೊಸ ಪುಸ್ತಕ ತಂದುಕೊಟ್ಟ. ಅಕ್ಕ ದಡದವರೆಗೆ ಹೋಗಿ ಹರಿಗೋಲು ಕಂಡೊಡನೆ ವಾಂತಿ ಮಾಡಿಕೊಂಡಳು. ಅದರ ಮಾರನೆಯ ದಿನವೂ ಹಾಗೆಯೇ ಆಯಿತು.

“ಒಂದ್ ತಿಂಗ್ಳು ದಿನಾ ಬೆಳಿಗ್ಗೆ ಕೈ ಹಿಡ್ಕಂಡು ದಡುಕ್ಕೆ ಕರ್ಕಂಡೋದ ಕಣ್ಲಾ ನಮ್ಮಪ್ಪ. ‘ಇವತ್ ಓಗೀಯಾ ಮಗ?’ ಅಂತ ಕೇಳೋನು. ಆಗಕಿಲ್ಲ ಅಂತಿದ್ದೆ. ಬಯ್ನಿಲ್ಲ, ಒಡೀನಿಲ್ಲ. ಊರೋರು ನನ್ನ ಪುಕ್ಲಿ ಅಂತ ಆಡ್ಕಳಕ್ಕೆ ಸುರು ಮಾಡುದ್ರು. ಅವತ್ತಿಂದ ನಮ್ಮಪ್ಪ ‘ನಾನೇ ಬುಡುಸ್ದೆ’ ಅನ್ನಕ್ಕೆ ಸುರು ಮಾಡ್ದ. ಬಯ್ಯಾದಿದ್ರೆ ನನ್ ಬಯ್ಲಿ, ಮಗಿನ್ಯಾಕೆ ಅಂತ. ನೀನು ಅವತ್ತು ಉಣ್ಣೋ ತಟ್ಟೆ ಮುಂದೆ ಅಂದ್ಯಲ್ಲ, ಆಗ್ಲೂ ನಾನು ಬಾಯ್ ಬುಡ್ನಿಲ್ಲ. ಬುಡ್ಬೇಕಿತ್ತು.”

ಐವತ್ತೆಂಟು ವರ್ಷದ ಗಂಡಸು ಕಡವಿನ ಮಾಡಿನಲ್ಲಿ ಕೂತು ಅಳುವುದು ಯಾವ ಯೋಜನೆಯಲ್ಲೂ ಇರಲಿಲ್ಲ. ಅಕ್ಕ ತನ್ನ ಸೆರಗಿನ ತುದಿಯಿಂದ ನನ್ನ ಮುಖವನ್ನು, ಮೂಗು ಸುರಿಯುವ ಮಗುವಿನ ಮುಖ ಒರೆಸುವ ಹಾಗೆ, ಗಟ್ಟಿಯಾಗಿ ಒರೆಸಿದಳು.

“ಅಳ್ಬ್ಯಾಡ ಸುಮ್ಕಿರು. ನಮ್ಮಪ್ಪಂಗೆ ನಾನು ಒಂದ್ ದಾಟು ಬಾಕಿ ಉಳ್ಸ್ಕಂಡಿವ್ನಿ. ಅದ್ಕೇ ಬಂದಿರಾದು.”

ಅಷ್ಟರಲ್ಲಿ ಬೆಳ್ಳಕ್ಕಿಗಳು ಎದ್ದವು. ಕೆಸರಿನ ಸೀಳುಗಳಲ್ಲಿ ಬೆರಳುದ್ದದ ನೀರು ಮಿಂಚಿತು. ನೋಡುತ್ತ ನೋಡುತ್ತ ಅದು ಕೈಯಗಲವಾಯಿತು, ಗದ್ದೆಯಗಲವಾಯಿತು. ಶಬ್ದವಿಲ್ಲ, ನೊರೆಯಿಲ್ಲ. ಮಲಗಿದ್ದ ದೋಣಿ ಒಮ್ಮೆ ಮಿಸುಕಿತು, ಹಗ್ಗ ಜಗ್ಗಿತು, ಆಮೇಲೆ ನೆಟ್ಟಗೆ ಎದ್ದು ನಿಂತಿತು. ಭರತ ಬಂದಿದ್ದ. ಸುಂದರ ಹೇಳಿದ ಹೊತ್ತಿಗೇ ಬಂದಿದ್ದ.

ಸುಂದರ ಮೂವರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಅಕ್ಕನ ಸೀರೆಯ ಮೇಲೆ ಅದನ್ನು ಕಟ್ಟಲು ಗೌರಿಗೆ ಹತ್ತು ನಿಮಿಷ ಹಿಡಿಯಿತು. ಹಲಗೆಯ ಮೇಲೆ ಕಾಲಿಡುವಾಗ ಅಕ್ಕನ ಬಣ್ಣ ಹೋಗಿತ್ತು, ತುಟಿ ಬಿಳಿಚಿತ್ತು. ನಾನು ಕೈ ಚಾಚಿದೆ. ಹಿಡಿಯಲಿಲ್ಲ. “ಬುಡು, ನಾನೇ ಬತ್ತೀನಿ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ದೋಣಿಯ ಅಂಚು ಹಿಡಿದು ಒಳಗೆ ಬಂದು ಕೂತಳು. ಅಡ್ಡಹಲಗೆಯನ್ನು ಹಿಡಿದ ಅವಳ ಬೆರಳುಗಳ ಗಿಣ್ಣು ಎದ್ದು ಕಾಣುತ್ತಿತ್ತು.

ಎಂಜಿನು ಗುಡುಗಿತು. ದಡ ಹಿಂದೆ ಸರಿಯಿತು. ನಡುನೀರಿಗೆ ಬಂದಾಗ ಮೀನಿನ ದೊಡ್ಡ ದೋಣಿಯೊಂದು ಪಕ್ಕದಲ್ಲಿ ಹಾಯ್ದು ಹೋಯಿತು. ಅದರ ಅಲೆ ಬಂದು ನಮ್ಮ ದೋಣಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿತು. ಗೌರಿ ಕಿರುಚಿದಳು. ನಾನು ದೇವರ ಹೆಸರು ಹೇಳಿದೆ, ಯಾವ ದೇವರು ಎಂದು ನೆನಪಿಲ್ಲ. ಆಗ ಅಕ್ಕನ ದನಿ ಎದ್ದಿತು, ಗದ್ದೆಯ ಆ ತುದಿಗೆ ಕೇಳುವ ದನಿ.

“ಅಲ್ಲಾಡು! ಏಟು ಅಲ್ಲಾಡ್ತೀಯೋ ಅಲ್ಲಾಡು! ನಾನೂ ನೋಡೇಬುಡ್ತೀನಿ ಇವತ್ತು! ಐವತ್ತ್ ವರ್ಸ ಎದ್ರುಸ್ದೆ, ಸಾಕಾಗ್ನಿಲ್ವಾ ನಿಂಗೆ? ಇನ್ನೂ ಅಲ್ಲಾಡು!”

ಸುಂದರ ಗಾಬರಿಯಾಗಿ ಎಂಜಿನು ನಿಲ್ಲಿಸಿಬಿಟ್ಟರು. “ಎಂತ ಆಯ್ತು ಅಮ್ಮ? ನಾನು ಎಂತ ಮಾಡಿದೆ?”

“ನಿಂಗಲ್ಲ ಕಣಪ್ಪ. ಈ ಒಳೆಗೆ ಯೋಳ್ದೆ. ನೀನು ನಡಿ.”

ಅಲೆ ಸಣ್ಣದಾಯಿತು. ಹೊಳೆ ತಣ್ಣಗಾಯಿತು. ಅಕ್ಕ ಹಲಗೆಯಿಂದ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನೂ ಬಿಟ್ಟಳು. ಬಾಗಿ ಅಂಗೈಯನ್ನು ನೀರಿಗೆ ಇಳಿಸಿದಳು. ನೀರು ಅವಳ ಬೆರಳುಗಳ ನಡುವೆ ಸೀಳಿಕೊಂಡು ಓಡಿತು. ಕೈ ಎತ್ತಿ ನಾಲಗೆಗೆ ಮುಟ್ಟಿಸಿ, “ಥೂ, ಉಪ್ಪು!” ಎಂದು ಮುಖ ಹಿಂಡಿ, ನಕ್ಕಳು. ಹಾಗೆ ನಕ್ಕದ್ದನ್ನು ನಾನು ಯಾವ ಮದುವೆಯಲ್ಲೂ ಕಂಡಿರಲಿಲ್ಲ.

ಲೀಲಕ್ಕ ಆಚೆಯ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದರು. ಅಕ್ಕನ ವಯಸ್ಸಿನವರೇ, ತೆಳ್ಳಗೆ, ಬಿಸಿಲಿಗೆ ಮಾಗಿದವರು. ಫೋನಿನಲ್ಲಿ ಅವರು ಹೇಳಿದ ಭರತನನ್ನು ನಾನು ಹುಡುಕಿದ ಕಥೆಯನ್ನು ಸುಂದರ ದೋಣಿ ಕಟ್ಟುವ ಮೊದಲೇ ತುಳುವಿನಲ್ಲಿ ಹೇಳಿ ಮುಗಿಸಿದರು. ಆ ಎರಡು ದಿನ ಕುದ್ರುವಿನಲ್ಲಿ ಯಾರು ಎದುರಾದರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ: “ಭರತ ಸಿಕ್ಕಿದ್ರಾ?”

ನಾವು ಉಳಿದುಕೊಂಡ ಮನೆಯ ಬಗ್ಗೆ ನಾನು ಬರೆದುಕೊಂಡದ್ದಕ್ಕಿಂತ ಬರೆದುಕೊಳ್ಳದ್ದೇ ಹೆಚ್ಚು. ಕೋಣೆಯ ಕಿಟಕಿ ತೆಗೆದರೆ ಕೈಗೆಟುಕುವ ಹಾಗೆ ಹೊಳೆ. ಹಂಡೆಯಲ್ಲಿ ತೆಂಗಿನ ಸೋಗೆಯ ಹೊಗೆ ವಾಸನೆಯ ಬಿಸಿನೀರು. ಸೊಳ್ಳೆ ಹೇಳಿದ ಹಾಗೆಯೇ ಇತ್ತು, ಲೀಲಕ್ಕ ಸುಳ್ಳು ಹೇಳುವವರಲ್ಲ. ಅಕ್ಕ ಊರಿಂದಲೇ ರಾಗಿಹಿಟ್ಟು ಕಟ್ಟಿಕೊಂಡು ಬಂದಿದ್ದಳು. ಮೊದಲ ಸಂಜೆಯೇ ಲೀಲಕ್ಕನ ಅಡುಗೆಮನೆ ಹೊಕ್ಕು ಮುದ್ದೆ ಕೂಡಿಸಿದಳು. ಲೀಲಕ್ಕನ ಮೀನು ಸಾರು, ಅಕ್ಕನ ಮುದ್ದೆ. ಲೀಲಕ್ಕ ಒಂದು ತುತ್ತು ಮುರಿದು ಜಗಿಯಲು ಶುರುಮಾಡಿದ್ದೇ ತಡ, ಅಕ್ಕ ತಡೆದಳು.

“ಅಗೀಬ್ಯಾಡ ಕಣಮ್ಮ, ನುಂಗು.”

“ನುಂಗುವುದಾ? ಹಾಗಾದ್ರೆ ಹಲ್ಲು ಎಂತಕ್ಕೆ?”

“ಮೀನ್ಗೆ.”

ಆ ಇಬ್ಬರು ಹೆಂಗಸರು ಅಲ್ಲಿಂದ ಮುಂದೆ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು, ಅದೇ ಸಾಕಾಗಿತ್ತು. ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ತನ್ನ ಹರಿಗೋಲಿನ ಕಥೆ ಹೇಳಿದಳು. ಲೀಲಕ್ಕ, ಮದುವೆಯಾಗಿ ಬಂದ ದಿನದಿಂದ ಈ ಹೊಳೆಯನ್ನು ದಾಟಿ ತರಕಾರಿ ಮಾರಿ ಬಂದವರು, ಸೀರೆ ಹಿಂಡುತ್ತ ಹೇಳಿದರು: “ಹೆದರಿಕೆ ನನಗೂ ಉಂಟು. ಹೆದರಿಕೆ ಇಲ್ಲದವನನ್ನು ದೋಣಿಗೆ ಹತ್ತಿಸಬಾರದು ಅಂತ ನನ್ನ ಅತ್ತೆ ಹೇಳ್ತಿದ್ರು.” ಆ ಮಧ್ಯಾಹ್ನ ನಾನು ಮಲಗೆದ್ದು ನೋಡುವಾಗ ಅಕ್ಕ ಮನೆಯ ಹಿಂದಿನ ಮೆಟ್ಟಿಲಿಳಿದು, ಲೀಲಕ್ಕನ ಭುಜ ಹಿಡಿದು, ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ನಿಂತು, ಮೂಗು ಹಿಡಿದು, ಮುಳುಗಿದಳು. ಎದ್ದಳು. ಮತ್ತೆ ಮುಳುಗಿದಳು. ನಾನು ಗೌರಿಯನ್ನು ಎಬ್ಬಿಸಿ ತೋರಿಸಿದೆ. ಇಬ್ಬರೂ ಕಿಟಕಿಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು.

ಹೊರಡುವ ಬೆಳಿಗ್ಗೆ ಬಂತು. ನನ್ನ ಯೋಜನೆಯಂತೆ ಏಳೂವರೆಯ ಬಸ್ಸು, ಆಮೇಲೆ ದೇವಸ್ಥಾನ, ಊಟ, ನಾಲ್ಕಕ್ಕೆ ರೈಲು. ಲೀಲಕ್ಕ ಅಕ್ಕನ ಮಡಿಲಿಗೆ ಎರಡು ತೆಂಗಿನಕಾಯಿ ಹಾಕಿದರು. ದೋಣಿ ಹತ್ತಿದೆವು. ಈ ಸಲ ಅಕ್ಕ ಯಾರನ್ನೂ ಕೇಳದೆ ಎಲ್ಲರಿಗಿಂತ ಮುಂದೆ ಹೋಗಿ ಮೂತಿಯ ಹಲಗೆಯ ಮೇಲೆ ಕೂತಳು. ಹೊಳೆ ದಡದಿಂದ ದಡಕ್ಕೆ ತುಂಬಿ ನಿಂತಿತ್ತು.

“ಒಳ್ಳೆ ಭರತ,” ಎಂದರು ಸುಂದರ. “ಇಂಥ ದಿನ ಅಳಿವೆಯವರೆಗೂ ಹೋಗಬಹುದು. ಹೊಳೆ ಕಡಲಿಗೆ ಸೇರುವ ಜಾಗ. ಒಂದು ಗಂಟೆ ಬೇಕು.”

“ಒಳೆ ಕಡ್ಲು ಸೇರಾದ ಕಣ್ಣಲ್ಲಿ ಕಾಣ್ಬೋದಾ?” ಅಕ್ಕ ತಿರುಗಿದಳು. “ನಮ್ ಕಾವೇರೀನೂ ಇಂಗೇ ಸೇರ್ತಾಳಾ?”

“ಎಲ್ಲ ಹೊಳೆಯೂ ಹೀಗೇ ಅಮ್ಮ.”

ಅಕ್ಕ ನನ್ನನ್ನು ನೋಡಿದಳು. ನಾನು ಗಡಿಯಾರ ನೋಡಿದೆ. ಏಳೂಕಾಲು. ಈಚೆ ದಡದ ರಸ್ತೆಯಲ್ಲಿ ನಮ್ಮ ಬಸ್ಸು ಆಗಲೇ ಬಂದು ನಿಂತು, ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುವುದು ಕಾಣುತ್ತಿತ್ತು. ಮೂವತ್ತು ವರ್ಷ ಯೋಜನೆ ಹಾಕಿದವನಿಗೆ ಹಾಕಿದ ಯೋಜನೆಯನ್ನು ಮುರಿಯುವ ಭಾಗ್ಯ ಮೊದಲ ಬಾರಿಗೆ ಒದಗಿತ್ತು. ಹೋಗದೆ ಇದ್ದವನಿಗೆ ಅದೆಲ್ಲಿಂದ ಬರಬೇಕು?

“ನಡೀರಿ ಸುಂದರಣ್ಣ,” ಎಂದೆ. “ಬಸ್ಸು ಹೋಗ್ಲಿ.”

ಹೋಯಿತು. ಧೂಳೆಬ್ಬಿಸಿಕೊಂಡು ನಮ್ಮೆದುರೇ ಹೋಯಿತು. ಗೌರಿ ಅದಕ್ಕೆ ಕೈ ಬೀಸಿ ಟಾಟಾ ಮಾಡಿದಳು.

ದೋಣಿ ಕೆಳಮುಖವಾಗಿ ತಿರುಗಿತು. ತೆಂಗಿನ ಸಾಲು ಮುಗಿಯಿತು, ಮರಳಿನ ದಿಬ್ಬ ಬಂತು, ಗಾಳಿಯ ವಾಸನೆ ಬದಲಾಯಿತು. ಆಮೇಲೆ ಎರಡೂ ದಡ ಒಮ್ಮೆಲೇ ಕಳಚಿಕೊಂಡವು. ಎದುರಿಗೆ ಆಕಾಶ ಮುಟ್ಟುವವರೆಗೆ ನೀರು. ಹೊಳೆಯ ಕಂದು ಬಣ್ಣವೂ ಕಡಲ ನೀಲಿಯೂ ಒಂದಕ್ಕೊಂದು ತಿಕ್ಕಾಡುವ ಗೆರೆಯ ಮೇಲೆ ಮೊದಲ ದೊಡ್ಡ ಅಲೆ ಬಂದು ನಮ್ಮ ದೋಣಿಯ ಮೂತಿಯನ್ನು ಅನಾಮತ್ತಾಗಿ ಮೇಲಕ್ಕೆತ್ತಿತು. ನಿಜ ಹೇಳುತ್ತೇನೆ, ದ್ವೀಪದ ಹುಚ್ಚಿನ ಈ ಸೂಪರಿಂಟೆಂಡೆಂಟು ಗೌರಿಯ ತೋಳನ್ನು ತಬ್ಬಿಕೊಂಡು ಕಣ್ಣು ಮುಚ್ಚಿಬಿಟ್ಟ.

ಕಿವಿಗೆ ಬಿದ್ದದ್ದು ಅಕ್ಕನ ಕೂಗು. ಎತ್ತರದಲ್ಲಿ, ಕಡಲ ಸದ್ದಿನ ಮೇಲೆ, ಹನ್ನೆರಡು ವರ್ಷದ ಹುಡುಗಿಯ ಹಾಗೆ ಕೇಕೆ ಹಾಕುತ್ತಿದ್ದಳು.

“ಕಣ್ ಬುಡ್ಲಾ ಸಿದ್ದ! ಪುಕ್ಲ! ಬುಟ್ಟು ನೋಡ್ಲಾ ಇಲ್ಲಿ!”

ಕಣ್ಣು ಬಿಟ್ಟೆ. ದೋಣಿಯ ಮೂತಿಯಲ್ಲಿ ಅಕ್ಕ ಎದ್ದು ನಿಂತಿದ್ದಳು, ಸೆರಗು ಸೊಂಟಕ್ಕೆ ಬಿಗಿದು, ಮುಖವೆಲ್ಲ ಉಪ್ಪುನೀರಾಗಿ, ಎರಡು ಕೈಗಳನ್ನೂ ಅಗಲಕ್ಕೆ ಚಾಚಿಕೊಂಡು.